ಸ್ಟೇರಿಂಗ್ ಯಾರೇ ಹಿಡಿಯಲಿ, ಪ್ರೀಮಿಯಂ ಒಂದೇ

ಭಾನುವಾರ ಬೆಳಿಗ್ಗೆ ಆರೂವರೆ. ದೇವದುರ್ಗ ತಾಲ್ಲೂಕಿನ ಗೂಗಲ್‌ ಊರಿನಿಂದ ಕೃಷ್ಣೆಯ ಬ್ಯಾರೇಜ್‌ ಕಡೆಗೆ ಹೋಗುವ ರಸ್ತೆಯಲ್ಲಿ ಸೆಕೆಂಡ್‌ ಹ್ಯಾಂಡ್‌ ಕಾರೊಂದು ಮುಗ್ಗರಿಸುತ್ತ ಬರುತ್ತಿದೆ. ಮುಂದಿನ ಗಾಜಿಗೆ ಕೆಂಪು ಬಣ್ಣದ ‘ಎಲ್‌’ ಅಂಟಿಸಿದೆ. ಸ್ಟೇರಿಂಗ್‌ ಹಿಡಿದ ಹುಡುಗನಿಗೆ ಹತ್ತೊಂಬತ್ತು. ಪಕ್ಕದಲ್ಲಿ ಕೂತ ಸೋದರಮಾವನದು ಲಾರಿ, ಟ್ರ್ಯಾಕ್ಟರ್‌, ಕ್ರೂಸರ್‌ ಎಲ್ಲ ಓಡಿಸಿ ಪಳಗಿದ ಕೈ. ‘ಕ್ಲಚ್‌ ಮೆಲ್ಲಕ ಬಿಡೋ, ಮೆಲ್ಲಕ...’ ಅನ್ನುವಷ್ಟರಲ್ಲಿ ಕುರಿ ಹಿಂಡು ಅಡ್ಡ ಬರುತ್ತದೆ, ಗಾಡಿ ಬಂದ್‌ ಬೀಳುತ್ತದೆ. ಹಿಂದೆ ಬಂದ ಟ್ರ್ಯಾಕ್ಟರಿನವನು ಹಾರ್ನ್‌ ಬಾರಿಸಿ, ‘ಎಲ್‌’ ಕಂಡು, ನಕ್ಕು ಪಕ್ಕದಿಂದ ದಾಟಿ ಹೋಗುತ್ತಾನೆ.

ರಾಯಚೂರಿನ ಹೊರವಲಯದ ಹೊಸ ಲೇಔಟುಗಳಲ್ಲಿ, ಮಾನ್ವಿಯ ಕಾಲುವೆ ದಾರಿಗಳಲ್ಲಿ ಇಂಥ ಪಾಠ ದಿನವೂ ನಡೆಯುತ್ತದೆ. ಈ ಹುಡುಗ ನಾಳೆ ತನ್ನ ಹೆಸರಿಗೆ ಒಂದು ಕಾರು ತೆಗೆದುಕೊಂಡನೆನ್ನಿ. ಅಂಥದ್ದೇ ಕಾರು ಮಾವನ ಹೆಸರಿನಲ್ಲೂ ಇದೆ. ಇಬ್ಬರಲ್ಲಿ ಯಾರ ಇನ್ಸೂರೆನ್ಸ್‌ ದುಬಾರಿ? ಕೇಳಿದರೆ ಬಹಳ ಮಂದಿ ‘ಹುಡುಗಂದೇ’ ಎನ್ನುತ್ತಾರೆ. ಅಮೆರಿಕದಲ್ಲಿ ನೆಂಟರಿರುವವರಂತೂ ಖಚಿತವಾಗಿ ಹೇಳುತ್ತಾರೆ. ಆದರೆ ನಮ್ಮಲ್ಲಿ ವಿಮೆಯ ದರ ಕಟ್ಟುವಾಗ ‘ಗಾಡಿ ಓಡಿಸಿ ಎಷ್ಟು ವರ್ಷವಾಯಿತು’ ಎಂಬುದಕ್ಕೆ ಗೊತ್ತಾದ ದರಪಟ್ಟಿಯೇ ಇಲ್ಲ. ಕಾರು ಯಾವುದು, ಎಷ್ಟು ಹಳೆಯದು, ಎಷ್ಟು ಸಿ.ಸಿ., ಎಲ್ಲಿ ನೋಂದಣಿ ಆಗಿದೆ ಎಂಬುದರ ಮೇಲೇ ಹೆಚ್ಚಿನ ಲೆಕ್ಕ ಮುಗಿದುಹೋಗುತ್ತದೆ.

ಒಂದು ರಸೀದಿ, ಎರಡು ವಿಮೆ

‘ಫುಲ್‌ ಇನ್ಸೂರೆನ್ಸ್‌’ ಎಂದು ನಾವು ಕರೆಯುವ ಪಾಲಿಸಿಯೊಳಗೆ ಎರಡು ಬೇರೆ ಬೇರೆ ವಿಮೆಗಳಿವೆ. ಮೊದಲನೆಯದು ಥರ್ಡ್‌ ಪಾರ್ಟಿ. ನಮ್ಮ ಕಾರಿನಿಂದ ಬೇರೆಯವರಿಗೆ ಆದ ಸಾವು, ಗಾಯ, ಆಸ್ತಿ ಹಾನಿಗೆ ಕೊಡಬೇಕಾದ ಪರಿಹಾರ ಇದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲ ₹2,000, ಮತ್ತೆ ಸಿಕ್ಕಿಬಿದ್ದರೆ ₹4,000 ದಂಡ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಇಷ್ಟಾದರೂ ದೇಶದ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಅರ್ಧದಷ್ಟಕ್ಕೆ ವಿಮೆಯೇ ಇಲ್ಲ. ಅದರಲ್ಲಿ ಹೆಚ್ಚಿನವು ಬೈಕುಗಳು.

ಥರ್ಡ್‌ ಪಾರ್ಟಿಯ ದರವನ್ನು ಕಂಪನಿ ನಿರ್ಧರಿಸುವುದಿಲ್ಲ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. 2022ರ ಜೂನ್‌ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ ₹2,094, ಸಾವಿರದಿಂದ ಸಾವಿರದ ಐನೂರರವರೆಗೆ ₹3,416, ಅದಕ್ಕೂ ಮೇಲಿನದಕ್ಕೆ ₹7,897. ಇದರ ಮೇಲೆ ಶೇ 18 ಜಿಎಸ್‌ಟಿ. ರಾಯಚೂರಿನ ಹತ್ತಿ ವ್ಯಾಪಾರಿಗೂ ಬೆಂಗಳೂರಿನ ಸಾಫ್ಟ್‌ವೇರ್‌ ಎಂಜಿನಿಯರಿಗೂ, ಮೊನ್ನೆ ಡಿಎಲ್‌ ಪಡೆದವರಿಗೂ ಮೂವತ್ತು ವರ್ಷ ಓಡಿಸಿದವರಿಗೂ ಇದೇ ದರ. ಇಲ್ಲಿ ಚೌಕಾಶಿಗೆ ಜಾಗವೇ ಇಲ್ಲ. ‘ಥರ್ಡ್‌ ಪಾರ್ಟಿ ನಮ್ಮಲ್ಲಿ ಕಡಿಮೆ ಸಾರ್’ ಎನ್ನುವ ಏಜೆಂಟರ ಮಾತನ್ನು ನಂಬಬೇಕಾಗಿಲ್ಲ.

ಹೊಸ ಕಾರಿಗಾದರೆ ಮೂರು ವರ್ಷದ ಥರ್ಡ್‌ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟ್‌ ಆದೇಶದಂತೆ 2018ರ ಸೆಪ್ಟೆಂಬರ್‌ 1ರಿಂದ ಬಂದ ನಿಯಮ ಇದು. ಒಟ್ಟಿಗೆ ಕೊಂಡರೆ ಅಗ್ಗವಾಗುತ್ತದೆ ಅಂದುಕೊಂಡರೆ ತಪ್ಪು: ಮಧ್ಯಮ ಗಾತ್ರದ ಕಾರಿಗೆ ಮೂರು ವರ್ಷದ ದರ ₹10,640. ವರ್ಷವರ್ಷ ಕಟ್ಟಿದ್ದರೆ ₹10,248 ಆಗುತ್ತಿತ್ತು. ನಡುವೆ ಸರ್ಕಾರ ದರ ಏರಿಸಿದರೂ ನಮಗೆ ತಟ್ಟುವುದಿಲ್ಲ ಎಂಬುದಷ್ಟೇ ಆ ಹೆಚ್ಚುವರಿ ₹392ಕ್ಕೆ ಸಿಗುವ ಸಮಾಧಾನ.

ಎರಡನೆಯದು ‘ಓನ್‌ ಡ್ಯಾಮೇಜ್‌’, ನಮ್ಮ ಕಾರಿಗೇ ಆದ ಹಾನಿಗೆ. ಕಳವು, ಬೆಂಕಿ, ನೆರೆ, ಅಪಘಾತ ಎಲ್ಲ ಇದರಲ್ಲಿ ಬರುತ್ತವೆ. ಇದಕ್ಕೆ ಕಾನೂನಿನ ಒತ್ತಾಯವಿಲ್ಲ, ಸಾಲ ಕೊಟ್ಟ ಬ್ಯಾಂಕಿನ ಒತ್ತಾಯವಿದೆ. ಕಾರಿನ ಈಗಿನ ಬೆಲೆಯೇ ಇದಕ್ಕೆ ಆಧಾರ. ಪಾಲಿಸಿಯಲ್ಲಿ ‘ಐಡಿವಿ’ ಎಂದು ಬರೆದಿರುವ ಮೊತ್ತ ಅದೇ. ಮೊದಲ ಆರು ತಿಂಗಳಲ್ಲಿ ಶೇ 5, ವರ್ಷದೊಳಗೆ ಶೇ 15, ಎರಡನೇ ವರ್ಷ ಶೇ 20 ಹೀಗೆ ಕಡಿತವಾಗುತ್ತ ಐದನೇ ವರ್ಷಕ್ಕೆ ಬೆಲೆ ಅರ್ಧಕ್ಕಿಳಿಯುತ್ತದೆ. ಪ್ರೀಮಿಯಂ ಕಡಿಮೆ ತೋರಿಸಲು ಐಡಿವಿಯನ್ನೇ ಇಳಿಸಿ ಕೊಡುವ ಜಾಣತನ ಪೇಟೆಯಲ್ಲಿ ಸಾಮಾನ್ಯ. ಕಾರು ಕಳವಾದ ದಿನ ಕೈಗೆ ಸಿಗುವುದೂ ಆ ಇಳಿಸಿದ ಮೊತ್ತವೇ.

ರಾಯಚೂರಿಗೆ ಒಂದಿಷ್ಟು ಅಗ್ಗ

ಕಾರು ಎಲ್ಲಿ ನೋಂದಣಿ ಆಗಿದೆ ಎಂಬುದೂ ದರದಲ್ಲಿ ಸೇರುತ್ತದೆ. ಹಳೆಯ ದರಪಟ್ಟಿ ದೇಶವನ್ನು ಎರಡು ವಲಯ ಮಾಡಿತ್ತು. ಬೆಂಗಳೂರು, ಹೈದರಾಬಾದ್‌, ಚೆನ್ನೈ, ಮುಂಬೈ, ಪುಣೆ, ದೆಹಲಿ, ಕೋಲ್ಕತ್ತ, ಅಹಮದಾಬಾದ್‌ ‘ಎ’ ವಲಯ, ಮಿಕ್ಕಿದ್ದೆಲ್ಲ ‘ಬಿ’. ನಮ್ಮ ಕೆಎ–36 ಗಾಡಿಗಳು ‘ಬಿ’ಗೆ ಸೇರುತ್ತವೆ. 1,000ದಿಂದ 1,500 ಸಿ.ಸಿ.ಯ, ಐದು ವರ್ಷ ದಾಟದ ಕಾರಿಗೆ ‘ಎ’ ವಲಯದಲ್ಲಿ ಐಡಿವಿಯ ಶೇ 3.283, ‘ಬಿ’ಯಲ್ಲಿ ಶೇ 3.191. ಆರು ಲಕ್ಷದ ಕಾರಿಗೆ ವ್ಯತ್ಯಾಸ ಬರೀ ₹552. ದಟ್ಟಣೆಯ ಊರಿಗೂ ಹೊಲದ ದಾರಿಗೂ ಇರುವ ಅಂತರವನ್ನು ಈ ಪಟ್ಟಿ ಅಷ್ಟೇ ಅಳೆದದ್ದು ವಿಚಿತ್ರ. 2007ರ ಜನವರಿ 1ರಿಂದ ಓನ್‌ ಡ್ಯಾಮೇಜ್‌ ದರ ಕಂಪನಿಗಳ ಕೈಗೆ ಬಂತು. ಆದರೂ ಆ ಪಟ್ಟಿಯ ಅಚ್ಚು ಹಾಗೇ ಉಳಿದಿದೆ. ಅದರ ಮೇಲೆ ಒಂದೊಂದು ಕಂಪನಿ ಒಂದೊಂದು ರಿಯಾಯಿತಿ ಕೊಡುತ್ತದೆ. ಒಂದೇ ಕಾರಿಗೆ ನಾಲ್ಕು ಕಡೆ ಕೇಳಿದರೆ ನಾಲ್ಕು ಬೆಲೆ ಬರುವುದು ಇದಕ್ಕೇ.

ಹೊರದೇಶದಲ್ಲಿ ಲೆಕ್ಕ ತಿರುವುಮುರುವು

ಬ್ರಿಟನ್‌, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ವಿಮೆ ಮೊದಲು ನೋಡುವುದು ಚಾಲಕನನ್ನು. ವಯಸ್ಸೆಷ್ಟು, ಲೈಸೆನ್ಸ್‌ ಸಿಕ್ಕಿ ಎಷ್ಟು ವರ್ಷ, ದಂಡ ಬಿದ್ದಿದೆಯೇ, ಮನೆಯಲ್ಲಿ ಮತ್ಯಾರು ಓಡಿಸುತ್ತಾರೆ ಎಲ್ಲ ಕೇಳುತ್ತಾರೆ. ಹದಿಹರೆಯದ ಮಗನ ಹೆಸರು ಸೇರಿಸಿದ ಕೂಡಲೇ ಇಡೀ ಮನೆಯ ಪ್ರೀಮಿಯಂ ಜಿಗಿಯುತ್ತದೆ. ಗಂಡಿಗೆ ಒಂದು ದರ, ಹೆಣ್ಣಿಗೆ ಒಂದು ದರ ಎಂಬ ಪದ್ಧತಿಯೂ ಯುರೋಪಿನಲ್ಲಿತ್ತು. ಅಲ್ಲಿನ ನ್ಯಾಯಾಲಯದ ತೀರ್ಪಿನಿಂದಾಗಿ 2012ರ ಡಿಸೆಂಬರ್‌ 21ರಿಂದ ಅದು ನಿಂತಿತು.

ರಾಯಚೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿ ಅಮೆರಿಕಕ್ಕೋ ಬ್ರಿಟನ್ನಿಗೋ ಹೋದವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಊರಿನ ಅನುಭವವನ್ನು ಅಲ್ಲಿನ ಬಹಳಷ್ಟು ಕಂಪನಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಲವತ್ತು ದಾಟಿದವರೂ ಅಲ್ಲಿನ ಕಂಪ್ಯೂಟರಿಗೆ ಹೊಸಬರೇ.

ಹಾಗೆಂದು ನಮ್ಮ ಪದ್ಧತಿ ಹುಡುಗರ ಪಾಲಿಗೆ ಉದಾರವಾದದ್ದು ಎಂದುಕೊಳ್ಳಬೇಡಿ. ಅನನುಭವದ ಖರ್ಚು ಮಾಯವಾಗಿಲ್ಲ. ಅದನ್ನು ಎಲ್ಲರ ಪ್ರೀಮಿಯಂಗೂ ಸ್ವಲ್ಪ ಸ್ವಲ್ಪ ಹಂಚಿದ್ದಾರೆ. ಕುರಿ ಹಿಂಡಿಗೆ ಗಾಡಿ ಬಂದ್‌ ಬೀಳಿಸುವವನ ಕಲಿಕೆಗೆ ಮಾವನೂ ಕಾಣದಂತೆ ಹಣ ಹಾಕುತ್ತಿದ್ದಾನೆ. ಅಪ್ಪನ ಕಾರಿನಲ್ಲಿ ಕಲಿಯುವ ಮಕ್ಕಳೇ ಹೆಚ್ಚಿರುವ ನಮ್ಮಲ್ಲಿ ಇದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆದರೆ ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವರಿಗೆ ಕೇಳುವ ಹಕ್ಕಂತೂ ಇದೆ: ನನಗೇನು ಸಿಕ್ಕಿತು?

ಅನುಭವ ಕಾಣುವ ಒಂದೇ ಕಿಂಡಿ

ಸಿಗುವುದು ‘ನೋ ಕ್ಲೇಮ್‌ ಬೋನಸ್‌’. ಒಂದು ವರ್ಷ ಕ್ಲೇಮ್‌ ಮಾಡದಿದ್ದರೆ ಓನ್‌ ಡ್ಯಾಮೇಜ್‌ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ. ಸತತ ಎರಡನೇ ವರ್ಷಕ್ಕೆ ಶೇ 25, ಮೂರನೆಯದಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಲ್ಲುತ್ತದೆ. ನಡುವೆ ಒಂದು ಕ್ಲೇಮ್‌ ಮಾಡಿದರೆ ಹಾವು–ಏಣಿ ಆಟದಲ್ಲಿ ಹಾವಿನ ಬಾಯಿಗೆ ಬಿದ್ದಂತೆ ಸೊನ್ನೆಗೆ ಇಳಿಯಬೇಕು. ಥರ್ಡ್‌ ಪಾರ್ಟಿಯ ಮೊತ್ತಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಮಾವ–ಅಳಿಯರ ಲೆಕ್ಕವನ್ನೇ ನೋಡಿ. ಇಬ್ಬರ ಬಳಿಯೂ ಮೂರು ವರ್ಷ ಹಳೆಯ, 1,200 ಸಿ.ಸಿ.ಯ ಒಂದೇ ಬಗೆಯ ಕಾರು. ಕಂಪನಿಯ ರಿಯಾಯಿತಿ ಕಳೆದು ಓನ್‌ ಡ್ಯಾಮೇಜ್‌ ₹10,000 ಬಂತೆಂದು ಇಟ್ಟುಕೊಳ್ಳೋಣ. ಥರ್ಡ್‌ ಪಾರ್ಟಿ ₹3,416, ಜಿಎಸ್‌ಟಿ ಸೇರಿ ಹುಡುಗ ಕಟ್ಟುವುದು ₹15,831. ಶೇ 50 ಬೋನಸ್‌ ಗಳಿಸಿರುವ ಮಾವ ಕಟ್ಟುವುದು ₹9,931. ಅಂತರ ₹5,900. ನಮ್ಮ ದೇಶದಲ್ಲಿ ಅನುಭವಕ್ಕೆ ಸಿಗುವ ಬೆಲೆ ಇಷ್ಟೇ. ಅದೂ ಕ್ಲೇಮ್‌ ಮಾಡದ್ದಕ್ಕೆ ಸಿಕ್ಕದ್ದೇ ಹೊರತು ಚೆನ್ನಾಗಿ ಓಡಿಸಿದ್ದಕ್ಕಲ್ಲ. ಕಾರನ್ನು ಶೆಡ್ಡಿನಲ್ಲೇ ನಿಲ್ಲಿಸಿ ಐದು ವರ್ಷ ಪ್ರೀಮಿಯಂ ಕಟ್ಟಿದವರಿಗೂ ಅಷ್ಟೇ ಬೋನಸ್‌.

ಇನ್ನೊಂದು ಸೋಜಿಗವಿದೆ. ಬೋನಸ್‌ ಸೇರುವುದು ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ. ಗಾಡಿಗಲ್ಲ, ಓಡಿಸಿದವರಿಗೂ ಅಲ್ಲ. ತಂದೆಯ ಕಾರನ್ನು ಹತ್ತು ವರ್ಷ ಮಗನೇ ಓಡಿಸಿದರೂ ಬೋನಸ್‌ ತಂದೆಯದು. ತಂದೆ ತೀರಿಕೊಂಡು ಕಾರು ಮನೆಯವರ ಹೆಸರಿಗೆ ಬಂದಾಗ ಅದು ವಾರಸುದಾರರಿಗೆ ವರ್ಗವಾಗುತ್ತದೆ. ಸ್ಟೇರಿಂಗ್‌ ಮುಟ್ಟದವರೂ ಐವತ್ತು ಪರ್ಸೆಂಟಿನ ‘ಅನುಭವಿ’ಗಳಾಗಬಹುದು.

ಕಾರು ಮಾರುವವರು ಈ ಮಾತನ್ನು ಮರೆಯಬಾರದು. ಕಾರಿನ ಜೊತೆ ಬೋನಸ್‌ ಹೋಗುವುದಿಲ್ಲ. ಮಾರಿದ ಮೇಲೆ ಕಂಪನಿಯಿಂದ ಬೋನಸ್‌ ಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮತ್ತೊಂದು ಕಾರಿಗೆ ಬಳಸಬಹುದು. ಹೊಸ ಕಾರಿನ ಓನ್‌ ಡ್ಯಾಮೇಜ್‌ ಪ್ರೀಮಿಯಂ ದೊಡ್ಡದಿರುವುದರಿಂದ ಅಲ್ಲಿ ಉಳಿತಾಯವೂ ದೊಡ್ಡದು. ಶೋರೂಂನಲ್ಲಿ ತಾವಾಗಿ ಹೇಳುವವರು ಕಡಿಮೆ, ನಾವೇ ಕೇಳಬೇಕು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಗಳಿಸಿದ್ದೆಲ್ಲ ಹೋಯಿತು. ಇಲ್ಲದ ಬೋನಸ್ಸನ್ನು ‘ಇದೆ’ ಎಂದು ಬರೆಸಿ ಕಡಿಮೆ ಕಟ್ಟುವವರೂ ಇದ್ದಾರೆ. ಕ್ಲೇಮಿನ ಹೊತ್ತಿಗೆ ಹಳೆಯ ಕಂಪನಿಯಲ್ಲಿ ವಿಚಾರಿಸಿದಾಗ ಸುಳ್ಳು ಹೊರಬೀಳುತ್ತದೆ.

ಬಂಪರ್‌ ಗೀರಿಗೆ ಕ್ಲೇಮ್‌ ಬೇಕೆ?

ಹೊಸದಾಗಿ ಕಲಿತವರ ಕೈಯಲ್ಲಿ ಆಗುವುದು ಬಹುತೇಕ ಇಂಥವೇ: ಗೇಟಿಗೆ ತಾಗಿದ ಬಂಪರ್‌, ಜಾಲಿ ಗಿಡಕ್ಕೆ ಉಜ್ಜಿದ ಬಾಗಿಲು, ಎತ್ತಿನ ಗಾಡಿಯ ನೊಗಕ್ಕೆ ಸಿಕ್ಕ ಕನ್ನಡಿ. ರಿಪೇರಿಗೆ ನಾಲ್ಕು ಸಾವಿರ ಅಂದುಕೊಳ್ಳಿ. ಅದರಲ್ಲಿ ಮೊದಲ ₹1,000 ಕಡ್ಡಾಯವಾಗಿ ನಮ್ಮದು (1,500 ಸಿ.ಸಿ. ಮೇಲಿನ ಕಾರಾದರೆ ₹2,000). ಪ್ಲಾಸ್ಟಿಕ್‌, ರಬ್ಬರ್‌ ಭಾಗಗಳ ಬೆಲೆಯಲ್ಲಿ ಅರ್ಧ ಸವಕಳಿ ಎಂದು ಕಳೆಯುತ್ತಾರೆ, ಬಣ್ಣದ ಸಾಮಗ್ರಿಯಲ್ಲೂ ಅರ್ಧ. ಕೊನೆಗೆ ಕೈಗೆ ಸಿಗುವುದು ಒಂದೂವರೆ ಸಾವಿರವೋ ಎರಡೋ.

ಕಳೆದುಕೊಳ್ಳುವುದೆಷ್ಟು? ಶೇ 35ರಲ್ಲಿ ಇದ್ದವರು ಕ್ಲೇಮ್‌ ಮಾಡದಿದ್ದರೆ ಮುಂದಿನ ಐದು ವರ್ಷ 45, 50, 50, 50, 50 ಸಿಗುತ್ತಿತ್ತು. ಮಾಡಿದರೆ 0, 20, 25, 35, 45. ಓನ್‌ ಡ್ಯಾಮೇಜ್‌ ಹತ್ತು ಸಾವಿರದಲ್ಲೇ ನಿಂತರೆ ಒಟ್ಟು ₹12,000 ನಷ್ಟ, ಜಿಎಸ್‌ಟಿ ಬೇರೆ. ಕಾರಿನ ಬೆಲೆ ವರ್ಷವರ್ಷ ಇಳಿಯುವುದರಿಂದ ನಿಜದ ನಷ್ಟ ಇದಕ್ಕಿಂತ ಕಡಿಮೆಯಾದೀತು. ಆದರೂ ಎರಡು ಸಾವಿರಕ್ಕಾಗಿ ಮಾಡುವ ವ್ಯವಹಾರವಲ್ಲ ಇದು. ರಾಯಚೂರಿನ ಗಾಂಧಿ ಚೌಕದ ಆಚೆಗೋ ಮಾನ್ವಿ ರಸ್ತೆಯಲ್ಲೋ ಇರುವ ಟಿಂಕರಿಂಗ್‌ ಅಂಗಡಿಯೇ ವಾಸಿ.

‘ಬಂಪರ್‌ ಟು ಬಂಪರ್‌’ ಎಂದು ಕರೆಯುವ ಹೆಚ್ಚುವರಿ ರಕ್ಷಣೆ ಕೊಂಡರೆ ಸವಕಳಿ ಕಳೆಯುವುದಿಲ್ಲ. ಕಾರು ಹೊಸದಿದ್ದು ಕೈಯೂ ಹೊಸದಿದ್ದರೆ ಅದಕ್ಕೆ ಹಣ ಹಾಕುವುದು ಸರಿ. ಬೋನಸ್‌ ಉಳಿಸುವ ಇನ್ನೊಂದು ರಕ್ಷಣೆಯೂ ಸಿಗುತ್ತದೆ. ಎಂಟು ವರ್ಷದ ಕಾರಿಗೆ ಇವೆಲ್ಲ ಬೇಡ.

‘ಎಲ್‌’ ಬೋರ್ಡಿಗೆ ವಿಮೆ ಉಂಟೆ?

ಉಂಟು. ಕಲಿಕಾ ಲೈಸೆನ್ಸ್‌ ಇದ್ದು, ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮದಂತೆ ಗಾಡಿಗೆ ‘ಎಲ್‌’ ಅಂಟಿಸಿ, ಲೈಸೆನ್ಸ್‌ ಇರುವವರು ಪಕ್ಕದಲ್ಲಿ ಕೂತಿದ್ದರೆ ಪಾಲಿಸಿ ಪೂರ್ತಿ ಜೀವಂತ. ಮಾವ ಇಳಿದು ಚಹಾ ಕುಡಿಯಲು ಹೋಗಿ ಹುಡುಗ ಒಬ್ಬನೇ ಒಂದು ಸುತ್ತು ಹಾಕಿದನೋ, ಕಾರಿನ ಹಾನಿಗೆ ಕಂಪನಿ ಕೈಚೆಲ್ಲಬಹುದು.

ಎದುರಿನವರಿಗೆ ಪೆಟ್ಟಾದರೆ ಕಥೆ ಬೇರೆ. 2004ರ ಸ್ವರಣ್‌ ಸಿಂಗ್‌ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ ಹಾಕಿಕೊಟ್ಟ ದಾರಿಯಲ್ಲಿ ಲೈಸೆನ್ಸ್‌ ದೋಷವಿದ್ದಾಗಲೂ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ವಸೂಲಿಗೆ ಬಂದಾಗ ಹೊಲ, ಮನೆಯ ಮೇಲೇ ಕಣ್ಣು ಬೀಳುತ್ತದೆ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಟ್ಟರಂತೂ 199ಎ ಕಲಂ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು.

ಪಾಲಿಸಿಯಲ್ಲಿ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲೂ ಇರುತ್ತದೆ. ಅದು ಲೈಸೆನ್ಸ್‌ ಇರುವ ಮಾಲೀಕರಿಗೆ ಮಾತ್ರ. ಕಾರು ತಾಯಿಯ ಹೆಸರಲ್ಲಿದ್ದು ಓಡಿಸುವುದು ಮಗನಾದರೆ ಮಗನಿಗೆ ಅದರಿಂದ ಬಿಡಿಗಾಸೂ ಇಲ್ಲ. ಅವನಿಗೆ ಬೇರೆ ಅಪಘಾತ ವಿಮೆ ಬೇಕು.

ಕಾರಿನೊಳಗೆ ಕೂತವರ ವಿಷಯದಲ್ಲೂ ತಿಳಿವಳಿಕೆ ಕಡಿಮೆ. ಮಂತ್ರಾಲಯಕ್ಕೋ ತಿಂಥಣಿ ಮೌನೇಶ್ವರನ ಜಾತ್ರೆಗೋ ಬಂಧುಗಳನ್ನು ತುಂಬಿಕೊಂಡು ಹೊರಟಾಗ ಇರುವುದು ಬರೀ ಥರ್ಡ್‌ ಪಾರ್ಟಿ ಪಾಲಿಸಿಯಾದರೆ, ಒಳಗೆ ಕೂತ ಅತ್ತೆ–ಮಾವಂದಿರಿಗೆ ಅದು ಆಗಿಬರುವುದಿಲ್ಲ. ಫುಲ್‌ ಇನ್ಸೂರೆನ್ಸ್‌ ಇದ್ದರೆ ಒಳಗಿನವರಿಗೂ ಕಂಪನಿ ಹೊಣೆ ಎಂದು ಸುಪ್ರೀಂ ಕೋರ್ಟ್‌ 2012ರಲ್ಲಿ ಸ್ಪಷ್ಟಪಡಿಸಿತು. ಸಾಲ ತೀರಿದ ವರ್ಷವೇ ‘ಥರ್ಡ್‌ ಪಾರ್ಟಿ ಸಾಕು’ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಬಿಳಿ ಬೋರ್ಡಿನ ಬಾಡಿಗೆ

ನಮ್ಮ ಭಾಗದಲ್ಲಿ ವಿಮೆ ಕೈಕೊಡುವುದು ಹೆಚ್ಚಾಗಿ ಅನುಭವಿಗಳಿಗೇ. ಬಿಳಿ ಬೋರ್ಡಿನ ಕಾರನ್ನು ಮದುವೆಗೆ, ಆಸ್ಪತ್ರೆಗೆ, ಹೈದರಾಬಾದ್‌ ವಿಮಾನ ನಿಲ್ದಾಣಕ್ಕೆ ಬಾಡಿಗೆಗೆ ಬಿಡುವುದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಬಳಕೆ ನಿಷಿದ್ಧ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಅಪಘಾತವಾದಾಗ ಸರ್ವೇಯರ್‌ ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಒಳಗಿದ್ದವರು ಯಾರು, ದುಡ್ಡು ಕೊಟ್ಟಿದ್ದರಾ’ ಎಂಬುದೂ ಒಂದು. ಹಳದಿ ಬೋರ್ಡಿನ ಪ್ರೀಮಿಯಂ ಹೆಚ್ಚು, ನಿಜ. ಚಾಲಕರಿಗೆ ಒಂದು ತೊಡಕಂತೂ ತೀರಿದೆ: ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್‌ ಇದ್ದವರು 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ 6ರಂದು ಹೇಳಿತು.

ಹೈದರಾಬಾದಿನಿಂದ ಸೆಕೆಂಡ್‌ ಹ್ಯಾಂಡ್‌ ಕಾರು ತಂದು ವರ್ಷಗಟ್ಟಲೆ ಹಳೆಯ ಮಾಲೀಕನ ಹೆಸರಲ್ಲೇ ಓಡಿಸುವ ರೂಢಿಯೂ ಇದೆ. ಕಾರು ಕೈಬದಲಾದಾಗ ಥರ್ಡ್‌ ಪಾರ್ಟಿ ತಾನಾಗಿ ಹೊಸಬರಿಗೆ ದಾಟುತ್ತದೆ. ಓನ್‌ ಡ್ಯಾಮೇಜ್‌ ದಾಟುವುದಿಲ್ಲ. ಹದಿನಾಲ್ಕು ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು. ಆರ್‌ಸಿಯಲ್ಲಿ ಒಬ್ಬರು, ಪಾಲಿಸಿಯಲ್ಲಿ ಒಬ್ಬರು ಇದ್ದರೆ ಕ್ಲೇಮ್‌ ಮುಂದೆ ಸಾಗದು.

ನೀರು ನುಗ್ಗಿದರೆ

ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಹೂವಿನಹೆಡಗಿ ಸೇತುವೆ ಮುಳುಗುವುದು ದೇವದುರ್ಗದವರಿಗೆ ಗೊತ್ತಿದ್ದದ್ದೇ. ನೆರೆಯಿಂದಾದ ಹಾನಿ ಓನ್‌ ಡ್ಯಾಮೇಜ್‌ನಲ್ಲಿ ಸೇರಿದೆ. ಆದರೆ ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಮತ್ತೆ ಸ್ಟಾರ್ಟ್‌ ಮಾಡಿ ಎಂಜಿನ್‌ ಸೀಜ್‌ ಆದರೆ, ಅದು ನೆರೆಯ ಹಾನಿಯಲ್ಲ, ನಿಮ್ಮ ಕೈಯಿಂದಾದದ್ದು ಎಂದು ಕಂಪನಿ ವಾದಿಸುತ್ತದೆ. ಎಂಜಿನ್‌ ರಕ್ಷಣೆಯನ್ನು ಬೇರೆಯಾಗಿ ಕೊಂಡಿರಬೇಕು. ಇಲ್ಲವಾದರೆ ಕೀಲಿ ಮುಟ್ಟದೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಕು.

ಓಡಿದಷ್ಟಕ್ಕೆ ಹಣ

ಚಾಲಕರನ್ನು ನೋಡಿ ದರ ಕಟ್ಟುವ ಪ್ರಯತ್ನ ನಮ್ಮಲ್ಲೂ ಶುರುವಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು ಸಂಚಾರ ನಿಯಮ ಮುರಿದವರ ಪ್ರೀಮಿಯಂ ಏರಿಸಬೇಕೆಂದು 2021ರ ಜನವರಿಯಲ್ಲಿ ಶಿಫಾರಸು ಮಾಡಿತು. 2022ರ ಜುಲೈನಲ್ಲಿ ಪ್ರಾಧಿಕಾರ ಇಂಥ ಎರಡು ಹೊಸ ಬಗೆಗೆ ಒಪ್ಪಿಗೆ ಕೊಟ್ಟಿತು. ಒಂದರಲ್ಲಿ ಎಷ್ಟು ಕಿಲೋಮೀಟರ್‌ ಓಡಿತು ಎಂಬುದಕ್ಕೆ ತಕ್ಕ ದರ. ಇನ್ನೊಂದರಲ್ಲಿ ಹೇಗೆ ಓಡಿಸಿದಿರಿ ಎಂಬುದನ್ನು ಮೊಬೈಲ್‌ ಆ್ಯಪ್‌ ಅಥವಾ ಕಾರಿಗೆ ಅಳವಡಿಸಿದ ಪುಟ್ಟ ಸಾಧನ ಅಳೆಯುತ್ತದೆ: ದಿಢೀರ್‌ ಬ್ರೇಕ್‌, ಅತಿವೇಗ ಎಲ್ಲ ದಾಖಲಾಗುತ್ತವೆ. ಒಳ್ಳೆಯ ಚಾಲಕ ಇದರಲ್ಲಿ ಗೆಲ್ಲಬಹುದು. ಆದರೆ ಕುರಿ, ಎಮ್ಮೆ, ಒಣಗಲು ಹಾಕಿದ ಜೋಳದ ರಾಶಿ ಇರುವ ರಸ್ತೆಯಲ್ಲಿ ದಿಢೀರ್‌ ಬ್ರೇಕ್‌ ಹಾಕದೆ ಓಡಿಸುವುದು ಹೇಗೆಂದು ಆ ಸಾಧನಕ್ಕೆ ಯಾರು ಹೇಳಿಕೊಡಬೇಕು?

ಕಿಲೋಮೀಟರ್‌ ಲೆಕ್ಕದ ಪಾಲಿಸಿ ಗೂಗಲ್‌ನಂಥ ಊರಿಗೆ ಹೊಂದೀತು. ವಾರಕ್ಕೊಮ್ಮೆ ದೇವದುರ್ಗದ ಸಂತೆ, ತಿಂಗಳಿಗೆರಡು ಸಲ ರಾಯಚೂರು ಮಾರುಕಟ್ಟೆ ಎಂದು ಓಡುವ ಕಾರು ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್‌ ದಾಟದು. ಕೊಳ್ಳುವ ಮೊದಲು ಹಳೆಯ ಸರ್ವಿಸ್‌ ಬಿಲ್‌ಗಳಲ್ಲಿ ಮೀಟರ್‌ ಓದಿ ನೋಡಿದರೆ ನಿಜ ತಿಳಿಯುತ್ತದೆ. ಊರಲ್ಲಿ ಕಾರಿರುವುದು ಎರಡೇ ಮನೆಯಲ್ಲಾದರೆ ಹೆರಿಗೆಗೂ ಹಾವು ಕಚ್ಚಿದ್ದಕ್ಕೂ ಅದೇ ಕಾರು ರಾತ್ರೋರಾತ್ರಿ ರಾಯಚೂರಿನ ರಿಮ್ಸ್‌ ಆಸ್ಪತ್ರೆಗೆ ಓಡಬೇಕಾಗುತ್ತದೆ. ಆ ಓಡಾಟವೂ ಮೀಟರಿನಲ್ಲಿ ಏರುತ್ತದೆ. ಕೊಂಡ ಮಿತಿ ಮುಗಿದ ಮೇಲೂ ಥರ್ಡ್‌ ಪಾರ್ಟಿ ಎಂದಿನಂತೆ ನಡೆಯುತ್ತದೆ. ಓನ್‌ ಡ್ಯಾಮೇಜ್‌ ಬೇಕೆಂದರೆ ಇನ್ನಷ್ಟು ಕಿಲೋಮೀಟರ್‌ಗೆ ಹಣ ಕಟ್ಟಬೇಕು.